ಮುಂಗೈ ಮೇಲಿನ ಮೂಲಪ್ರತಿ

ಕಳೆದ ತಿಂಗಳು ನಾಶಿಕದ ಒಂದು ಖಾಸಗಿ ಆಸ್ಪತ್ರೆಯವರು ಅವರನ್ನು ಸಕಲ ಮರ್ಯಾದೆಗಳೊಂದಿಗೆ ಮನೆಗೆ ಕಳಿಸಿದರು. ಒಂದು ಶಾಲು, ಒಂದು ತೆಂಗಿನಕಾಯಿ, ಒಂದು ಗೋಡೆ ಗಡಿಯಾರ. ಗಡಿಯಾರಕ್ಕೆ ಸೆಲ್ ಹಾಕಿರಲಿಲ್ಲ. ನಿವೃತ್ತನಾದವನಿಗೆ ವೇಳೆ ಯಾಕೆ ಎಂದುಕೊಂಡಿರಬೇಕು. ಅಭಿನಂದನಾ ಪತ್ರವನ್ನು ಆಡಳಿತ ವಿಭಾಗದ ಮೇಡಂ ಓದಿದರು. 'ಆಂಬ್ಯುಲೆನ್ಸ್ ಸಹಾಯಕರಾಗಿ' ಅವರು ಸಲ್ಲಿಸಿದ ಸೇವೆ ಅಮೂಲ್ಯವಂತೆ. ಸಹಾಯಕ ಎಂದರೆ ಸ್ಟ್ರೆಚರಿನ ಒಂದು ತುದಿ ಹಿಡಿಯುವವನು, ಸಿಲಿಂಡರ್ ಉರುಳಿಸುವವನು, ರಕ್ತ ಬಿದ್ದಲ್ಲಿ ಒರೆಸುವವನು. ಸಭೆಯಲ್ಲಿದ್ದವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಲಿತವರು, ಇನ್ನರ್ಧ ಜನ ಅವರ ಕೈಯಲ್ಲಿ ಬದುಕಿದವರು. 'ಸಹಾಯಕ' ಎಂಬಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್ ಎನಿಸಿಕೊಳ್ಳದೆ ಸಹಾಯಕರಾಗಿಯೇ ನಿವೃತ್ತರಾಗುವುದರಲ್ಲಿ ನನ್ನ ಕೊಡುಗೆಯೂ ಸಾಕಷ್ಟಿದೆ. ಆದ್ದರಿಂದ ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ.

ಅವರ ಹೆಸರನ್ನು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಬಾಗಲಕೋಟೆ ಕಡೆಯವರು. ನಾಶಿಕದ ಜನಕ್ಕೆ ಅವರು 'ಕಾನಡಿ ಮಾಮಾ'. ಇಪ್ಪತ್ತೈದು ವರ್ಷ ಆಂಬ್ಯುಲೆನ್ಸಿನ ಹಿಂಭಾಗದಲ್ಲಿ ಬಗ್ಗಿ ನಿಂತು ಕೆಲಸ ಮಾಡಿದ್ದರಿಂದ ಬಯಲಿನಲ್ಲಿ ನಡೆಯುವಾಗಲೂ ತಲೆಯ ಮೇಲೆ ತಗಡಿದೆ ಎಂಬಂತೆ ಸ್ವಲ್ಪ ಬಗ್ಗಿಯೇ ನಡೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ನೀಲಿ ಬಾಲ್‌ಪೆನ್. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು.

ನನ್ನ ಜೇಬಿನಲ್ಲೂ ಒಂದು ಪೆನ್ ಇರುತ್ತಿತ್ತು, ಹಸಿರು ಶಾಯಿಯದು. ನಾನು ಧಾರವಾಡದವನು, ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗೆಜೆಟೆಡ್ ಅಧಿಕಾರಿಯಾಗಿದ್ದೆ. ಇಲಾಖೆಯ ಹೆಸರು ಹೇಳಿದರೆ ಜನ ಮಾತು ಬದಲಿಸುತ್ತಾರೆ, ಹೇಳುವುದಿಲ್ಲ. ಗೆಜೆಟೆಡ್ ಅಧಿಕಾರಿಗೆ ದೇವರು ಕೊಟ್ಟ ಒಂದೇ ಅಧಿಕಾರವೆಂದರೆ ಕಂಡವರ ಜೆರಾಕ್ಸ್ ಪ್ರತಿಗಳ ಮೇಲೆ 'ಮೂಲದಂತಿದೆ' ಎಂದು ಬರೆದು ಸಹಿ, ಸೀಲು ಹಾಕುವುದು. ಸ್ವಯಂ ದೃಢೀಕರಣ ಸಾಕು ಎಂದು ಸರ್ಕಾರವೇ ಹೇಳಿ ವರ್ಷಗಳಾದವು. ಆ ಸುದ್ದಿ ಎಷ್ಟೋ ಕಚೇರಿಗಳಿಗೆ ಇನ್ನೂ ಮುಟ್ಟಿಲ್ಲ, ನನಗಂತೂ ಮುಟ್ಟಿಸಿಕೊಳ್ಳುವ ಮನಸ್ಸೇ ಇರಲಿಲ್ಲ. ಮನೆಯಲ್ಲಿ ಇದಕ್ಕೆಂದೇ ಒಂದು ರಿಜಿಸ್ಟರ್ ಇಟ್ಟಿದ್ದೆ. ಕ್ರಮಸಂಖ್ಯೆ, ಹೆಸರು, ದಾಖಲೆ, ಮೂಲ ನೋಡಲಾಗಿದೆಯೇ, ಷರಾ ಎಂದು ಐದು ಕಾಲಂ. ಮೂವತ್ತು ವರ್ಷದಲ್ಲಿ ಮೂಲಪ್ರತಿ ನೋಡದೆ ಒಂದೇ ಒಂದು ಸಹಿ ಹಾಕಿಲ್ಲ ಎಂಬುದು ನನ್ನ ದೊಡ್ಡ ಹೆಮ್ಮೆ. ಈ ಹೆಮ್ಮೆಯನ್ನು ನೆಂಟರ ಮುಂದೆ ಹೇಳಿಕೊಳ್ಳಬೇಡಿ ಎಂದು ಹೆಂಡತಿ ತಾಕೀತು ಮಾಡಿದ್ದಳು.

ಅವರನ್ನು ಮೊದಲು ಕಂಡದ್ದು ನಾಶಿಕದ ಒಂದು ಉಡುಪಿ ಹೋಟೆಲಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಕನ್ನಡದವರು ಸೇರುತ್ತಿದ್ದೆವು. ಬ್ಯಾಂಕಿನವರು ತಮ್ಮ ವರ್ಗಾವಣೆಯ ದುಃಖ ಹೇಳುತ್ತಿದ್ದರು, ನಾನು ನನ್ನದು. ಒಂದು ಭಾನುವಾರ ಪಕ್ಕದ ಟೇಬಲಿನ ಹಿರಿಯರೊಬ್ಬರ ಗಂಟಲಿಗೆ ವಡೆ ಸಿಕ್ಕಿಕೊಂಡಿತು. ಮುಖ ನೀಲಿಯಾಯಿತು. ಒಬ್ಬರು ನೀರು ಎಂದರು, ಒಬ್ಬರು ಬೆನ್ನಿಗೆ ಗುದ್ದಿದರು, ಒಬ್ಬರು ಗಾಳಿ ಬಿಡಿ ಎಂದು ಸುತ್ತ ನಿಂತು ಗಾಳಿ ತಡೆದರು. ನಾನು ಅಧಿಕಾರಿ, ಎಲ್ಲರಿಗೂ ಪಕ್ಕಕ್ಕೆ ಸರಿಯಲು ಆಜ್ಞೆ ಕೊಟ್ಟೆ. ಮೂಲೆಯಲ್ಲಿ ಒಬ್ಬರೇ ಕುಳಿತು ಇಡ್ಲಿ ತಿನ್ನುತ್ತಿದ್ದ ಒಬ್ಬ ಮನುಷ್ಯ ಎದ್ದು ಬಂದು, ಹಿರಿಯರನ್ನು ಹಿಂದಿನಿಂದ ತಬ್ಬಿ, ಹೊಟ್ಟೆಯ ಮೇಲ್ಭಾಗದಲ್ಲಿ ಮುಷ್ಟಿ ಇಟ್ಟು ಎರಡು ಸಲ ಒಳಕ್ಕೂ ಮೇಲಕ್ಕೂ ಎಳೆದರು. ವಡೆಯ ಚೂರು ಬಂದು ನನ್ನ ತಟ್ಟೆಯ ಪಕ್ಕ ಬಿತ್ತು.

"ಮಾಲಕ್ರ, ನನ್ನ ಸಾಂಬಾರ್ ಆರೈತ್ರಿ. ಬಿಸೀದು ಹಾಕ್ರಿ" ಎಂದು ಅವರು ವಾಪಸು ಮೂಲೆಗೆ ಹೋದರು.

ಹೋಟೆಲ್ ಮಾಲೀಕರು ಕುಂದಾಪುರ ಕಡೆಯವರು. "ಹಾಕುವ ಮಾರಾಯ್ರೆ, ಒಂದಲ್ಲ ಎರಡು ಬಟ್ಲು ಹಾಕುವ" ಎಂದು ಓಡಿದರು. ಅಷ್ಟರಲ್ಲಿ ಬದುಕಿಕೊಂಡ ಹಿರಿಯರಿಗೆ ಉಸಿರು, ಪ್ರಜ್ಞೆ, ಸಿಟ್ಟು ಮೂರೂ ಮರಳಿದ್ದವು. ಬಿಳಿ ಶರ್ಟಿನ ಮೇಲೆ ಸಾಂಬಾರಿನ ಐದು ಬೆರಳು ಮೂಡಿದ್ದನ್ನು ನೋಡಿ ಮರಾಠಿಯಲ್ಲಿ ಗೊಣಗತೊಡಗಿದರು.

"ತೊಳದ್ರ ಹೋಗ್ತೈತ್ರಿ" ಎಂದರು ಇವರು, ತಲೆ ಎತ್ತದೆ.

ಅವರ ಬಾಲ್‌ಪೆನ್ನಿನ ಗುಟ್ಟು ಆಮೇಲೆ ತಿಳಿಯಿತು. ಆಂಬ್ಯುಲೆನ್ಸಿನಲ್ಲಿ ರೋಗಿಗೆ ಏನು ಮಾಡಿದೆವು ಎಂದು ಬರೆಯಲು ಒಂದು ಫಾರಂ ಇರುತ್ತದೆ. ಫಾರಂ ತುಂಬಿ, ರೋಗಿಯ ಕಡೆಯವರ ಕೈಗೆ ಕೊಟ್ಟರೆ ಅದು ಎಮರ್ಜೆನ್ಸಿ ಬಾಗಿಲಿನಿಂದ ಡಾಕ್ಟರ ಮೇಜಿನವರೆಗಿನ ಇಪ್ಪತ್ತು ಹೆಜ್ಜೆಯೊಳಗೆ ಮಾಯವಾಗುತ್ತಿತ್ತಂತೆ. ಯಾರದೋ ಜೇಬು ಸೇರುತ್ತಿತ್ತು, ಗಾಳಿಗೆ ಹಾರುತ್ತಿತ್ತು, ಒಮ್ಮೆ ಅದರಲ್ಲಿ ರೋಗಿಯ ಮಾವ ಸುಣ್ಣ ತಂಬಾಕು ಮಡಚಿಟ್ಟುಕೊಂಡದ್ದೂ ಉಂಟು. ಆಂಬ್ಯುಲೆನ್ಸಿನಲ್ಲಿ ಆಗಲೇ ಕೊಟ್ಟಿದ್ದ ಮದ್ದನ್ನೇ ಡಾಕ್ಟರು ಮತ್ತೆ ಕೊಟ್ಟು ಒಬ್ಬ ಹೆಣ್ಣುಮಗಳ ಜೀವ ಹೋಗುವುದರಲ್ಲಿತ್ತು. ಅಂದಿನಿಂದ ಅವರು ಫಾರಂ ತುಂಬುವುದರ ಜೊತೆಗೆ ರೋಗಿಯ ಎಡಗೈ ಮುಂಗೈ ಮೇಲೆಯೇ ಬರೆಯತೊಡಗಿದರು. ಎಷ್ಟು ಹೊತ್ತಿಗೆ ಬಂದೆವು, ರಕ್ತದೊತ್ತಡ ಎಷ್ಟು, ಸಕ್ಕರೆ ಎಷ್ಟು, ಏನು ಕೊಟ್ಟೆವು, ಎಷ್ಟು ಹೊತ್ತಿಗೆ. ಪ್ರತಿ ಸಾಲಿನ ಕೆಳಗೆ ಒಂದು ಗೆರೆ.

"ಕಾಗದ ಕಳೀತೈತ್ರಿ, ಕೈ ಕಳಿಯೂದಿಲ್ಲ" ಎನ್ನುತ್ತಿದ್ದರು.

ಬರೆಯುವ ಮುಂಚೆ ಅಪ್ಪಣೆ ಕೇಳುವುದು ಅವರ ಪದ್ಧತಿ. ಎಚ್ಚರ ಇದ್ದವರನ್ನು ಮರಾಠಿಯಲ್ಲಿ ಕೇಳುತ್ತಿದ್ದರು. ಎಚ್ಚರ ಇಲ್ಲದವರನ್ನು ಕನ್ನಡದಲ್ಲಿ: "ಬರೀಲಾಕತ್ತೀನ್ರಿ, ಕಚಗುಳಿ ಆದ್ರ ಹೇಳ್ರಿ." ಕೈತುಂಬ ಹಚ್ಚೆ ಹಾಕಿಸಿಕೊಂಡ ಒಬ್ಬ ಅಜ್ಜಿಯ ಮುಂಗೈಯಲ್ಲಿ ಜಾಗವೇ ಇಲ್ಲದೆ, ಹಚ್ಚೆಯ ಕೃಷ್ಣನನ್ನು ಕ್ಷಮೆ ಕೇಳಿ ಅವನ ಕೊಳಲಿನ ಕೆಳಗೆ ಸಕ್ಕರೆಯ ಪ್ರಮಾಣ ಬರೆದಿದ್ದರಂತೆ. ಹೊಸದಾಗಿ ಬಂದ ಒಬ್ಬ ಡಾಕ್ಟರು ಇದು ಅಶಿಸ್ತು ಎಂದು ದೂರು ಬರೆದರು. ಎರಡು ವಾರ ಕಳೆಯುವುದರೊಳಗೆ ಆ ಡಾಕ್ಟರೂ ರೋಗಿ ಬಂದೊಡನೆ ಫಾರಂ ಕೇಳುವುದು ಬಿಟ್ಟು ತೋಳು ಮಗುಚಿ ನೋಡತೊಡಗಿದರು. ದೂರನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದಕ್ಕೆ ಬೇರೆ ಫಾರಂ ಇರಬೇಕು.

ಹೀಗಿರುವಾಗ ಹೊಸ ನಿಯಮ ಬಂತು. ಪ್ಯಾರಾಮೆಡಿಕ್ ಎನಿಸಿಕೊಂಡವರೆಲ್ಲ ರಾಜ್ಯದ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ನೋಂದಣಿ ಇಲ್ಲದವರು ರೋಗಿಯನ್ನು ಮುಟ್ಟಕೂಡದು. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಕುತ್ತಿಗೆಗೊಂದು ಸ್ಟೆಥಾಸ್ಕೋಪ್ ನೇತುಹಾಕಿಕೊಂಡವರೆಲ್ಲ ಆಂಬ್ಯುಲೆನ್ಸ್ ಹತ್ತುತ್ತಿದ್ದ ಕಾಲ, ಏನಾದರೂ ಮಾಡಲೇಬೇಕಿತ್ತು. ಇವರು ಡಿಪ್ಲೊಮಾ ಮಾಡಿದ್ದು ಹುಬ್ಬಳ್ಳಿಯಲ್ಲಿ. ಆ ಸಂಸ್ಥೆ ಎಂದೋ ಮುಚ್ಚಿ ಅಲ್ಲಿ ಕಲ್ಯಾಣಮಂಟಪ ಆಗಿತ್ತು. ಪರರಾಜ್ಯದ ಸರ್ಟಿಫಿಕೇಟು ಎಂದು ಮಂಡಳಿಯವರು ಪರಿಶೀಲನೆಗೆ ಮೂಲಪ್ರತಿಯನ್ನೇ ತರಿಸಿಕೊಂಡರು. ಆಮೇಲೆ ಅರ್ಜಿಯ ಜೊತೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ನಕಲು ಲಗತ್ತಿಸಿ ಎಂದು ಪತ್ರ ಬರೆದರು. ಮೂಲ ಮಂಡಳಿಯವರ ಬಳಿ, ಅದನ್ನು ನೋಡಿ ನಕಲಿಗೆ ಸಹಿ ಹಾಕಬೇಕಾದವನು ನಾಶಿಕದಲ್ಲಿ. ಕೊನೆಯ ದಿನಾಂಕಕ್ಕೆ ಇನ್ನೊಂದು ದಿನ ಇರುವಾಗ ಅವರು ನಕಲು ಹಿಡಿದುಕೊಂಡು ನನ್ನ ಮನೆಗೆ ಬಂದರು.

ನಾನು ಕನ್ನಡಕ ಹಾಕಿಕೊಂಡು, ರಿಜಿಸ್ಟರ್ ತೆರೆದು, ಸಕಲ ಗಾಂಭೀರ್ಯದಿಂದ ಕೇಳಿದೆ: "ಮೂಲಪ್ರತಿ ಎಲ್ಲೈತ್ರಿ?"

"ಮಂಡಳ್ಯಾಗ ಐತ್ರಿ. ಪಡತಾಳಣಿ ಮಾಡ್ತೀವಂತ ಅವ್ರ ಇಟಗೊಂಡಾರ. ಇದು ಅವ್ರು ಕೊಟ್ಟ ರಸೀದಿ."

"ರಸೀದಿ ಮೂಲ ಅಲ್ಲಲ್ರಿ."

"ಅಲ್ರಿ."

"ನಾ ಕಣ್ಣಿಲೆ ನೋಡದ ಕಾಗದಕ್ಕ ಮೂಲದಂತೈತಿ ಅಂತ ಹ್ಯಾಂಗ್ ಬರೀಲಿ, ನೀವ ಹೇಳ್ರಿ?"

ಅವರು ಒಂದು ಕ್ಷಣ ನಿಜವಾಗಿಯೂ ಯೋಚಿಸಿದರು. ಬೇರೆ ಯಾರೇ ಆಗಿದ್ದರೂ ಕೈ ಮುಗಿಯುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. "ಬರೋಬ್ಬರಿ ಐತ್ರಿ ನೀವು ಹೇಳೂದು" ಎಂದು ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಚಹಾ ಕುಡಿದು ಹೋದರು. ಚಪ್ಪಲಿ ಮೆಟ್ಟುವಾಗ ನನ್ನ ಹೆಂಡತಿಯ ಕಾಲು ಊದಿದ್ದನ್ನು ಗಮನಿಸಿ, "ಅಕ್ಕಾರ, ಉಪ್ಪು ಕಮ್ಮಿ ಮಾಡ್ರಿ, ಒಮ್ಮೆ ರಕ್ತ ತೋರಿಸ್ರಿ" ಎಂದೂ ಹೇಳಿದರು.

ಅವರು ಗೇಟು ದಾಟುತ್ತಲೇ ಹೆಂಡತಿ ಶುರುಮಾಡಿದಳು. "ಒಂದ್ ಸಹಿ ಹಾಕಿದ್ರ ನಿಮ್ಮ ಹಸಿರು ಶಾಯಿ ಮುಗದ್ ಹೋಗ್ತಿತ್ತೇನ್ರಿ?"

"ನಿನಗ ತಿಳಿಯೂದಿಲ್ಲ, ಇದು ತತ್ವದ ಪ್ರಶ್ನೆ" ಎಂದೆ. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ 'ಮೂಲ ಇಲ್ಲ, ಸಹಿ ನಿರಾಕರಿಸಿದೆ' ಎಂದು ಚೆಂದದ ಅಕ್ಷರದಲ್ಲಿ ಬರೆದೆ. ಆ ದಿನ ಊಟ ಬಹಳ ರುಚಿಯಾಗಿತ್ತು ಎಂದು ನೆನಪು. ಪಕ್ಕದ ಓಣಿಯಲ್ಲಿ ಒಬ್ಬ ಪ್ರಿನ್ಸಿಪಾಲರಿದ್ದರು, ಟಿವಿ ನೋಡುತ್ತಲೇ ಹತ್ತು ಪ್ರತಿಗೆ ಸೀಲು ಹೊಡೆಯುವ ಮಹಾನುಭಾವರು. ಅಲ್ಲಿಗೆ ಹೋಗಿರುತ್ತಾರೆ ಬಿಡು ಎಂದುಕೊಂಡೆ.

ಅವರು ಹೋಗಲಿಲ್ಲ. ಇದು ನನಗೆ ಗೊತ್ತಾದದ್ದು ವರ್ಷದ ಮೇಲೆ, ಹೋಟೆಲ್ ಮಾಲೀಕರಿಂದ. "ನಾನೇ ಹೇಳ್ದೆ ಮಾರಾಯ್ರೆ, ಆ ಪ್ರಿನ್ಸಿಪಾಲರ ಹತ್ರ ಹೋಗಿ, ಎರಡು ನಿಮಿಷದ ಕೆಲಸ ಅಂತ. ಈ ಜನ ಎಂತ ಹೇಳಿದ್ರು ಗೊತ್ತುಂಟಾ? 'ಸಾಹೇಬ್ರು ಬರೋಬ್ಬರಿ ಅಲ್ಲ ಅಂದ ಮ್ಯಾಲ ಇನ್ನೊಬ್ಬರ ಕಡೆ ಹ್ಯಾಂಗ್ ಹೋಗ್ಲಿ' ಅಂತ. ಹೇಳಿ, ಇಂಥವರಿಗೆ ಎಂತ ಮಾಡುದು?" ನನ್ನ ತತ್ವವನ್ನು ನನಗಿಂತ ಹೆಚ್ಚು ನಂಬಿದ ಮನುಷ್ಯ ನಾಶಿಕದಲ್ಲಿ ಒಬ್ಬನೇ ಒಬ್ಬ ಇದ್ದ. ಅವನ ಅರ್ಜಿ ಅಪೂರ್ಣವೆಂದು ವಾಪಸು ಬಂದಿತ್ತು. ನನಗೆ ನಾಚಿಕೆಯಾಯಿತು. ಆದರೆ ಎದುರಿಗೆ ಹೋಗಿ ಹೇಳಲಿಲ್ಲ, ಅಧಿಕಾರಿಗಳಿಗೆ ಅದರ ಅಭ್ಯಾಸ ಇರುವುದಿಲ್ಲ.

ಅರ್ಜಿ ವಾಪಸು ಬಂದ ಮೇಲೆ ಆಸ್ಪತ್ರೆಯವರು ಅವರನ್ನು ಆಂಬ್ಯುಲೆನ್ಸಿನ ಹಿಂಭಾಗದಿಂದ ಮುಂಭಾಗಕ್ಕೆ, ಡ್ರೈವರಿನ ಪಕ್ಕದ ಸೀಟಿಗೆ ಬಡ್ತಿ ಕೊಟ್ಟರು. ಹಿಂದೆ ನೋಂದಣಿ ಕಾರ್ಡ್ ಇದ್ದ ವೈಶಾಲಿ. ಪೈಠಣದ ಹುಡುಗಿ, ಸೂಜಿ ಹಿಡಿಯುವುದನ್ನು ಕಲಿತದ್ದೇ ಇವರ ಕೈಕೆಳಗೆ. ಡ್ರೈವರ್ ಸೀಟಿಗೂ ಹಿಂಭಾಗಕ್ಕೂ ನಡುವೆ ಒಂದು ಸಣ್ಣ ಗಾಜಿನ ಕಿಂಡಿ ಇರುತ್ತದೆ. ನಿಯಮದಲ್ಲಿ ಮುಟ್ಟಬಾರದು ಎಂದಿತ್ತು, ಮಾತಾಡಬಾರದು ಎಂದಿರಲಿಲ್ಲ. ಹಾಗಾಗಿ ಅವರು ಇಡೀ ದಾರಿ ಹಿಂದಕ್ಕೆ ತಿರುಗಿ ಕುಳಿತು, ಕಿಂಡಿಯಲ್ಲಿ ಬಾಯಿಟ್ಟು, ತುಟಿಯ ಬಣ್ಣ ನೋಡು, ಪಾದ ಮುಟ್ಟಿ ನೋಡು, ಯಂತ್ರ ಏನೇ ಹೇಳಲಿ ಮೊದಲು ಮುಖ ನೋಡು ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ವರ್ಷದಲ್ಲಿ ಅವರ ಕುತ್ತಿಗೆ ಎಡಕ್ಕೆ ತಿರುಗುವುದು ನಿಂತಿತು. ಮುಂದಿನ ರಸ್ತೆಯನ್ನು ನೋಡುವ ಸೀಟಿನಲ್ಲಿ ಕುಳಿತು ರಸ್ತೆಯನ್ನೇ ನೋಡದ ಮನುಷ್ಯ ಎಂದು ಡ್ರೈವರು ನಗುತ್ತಿದ್ದ.

ಆ ಹೊತ್ತಿಗೆ ನನಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಎರಡನೇ ವರ್ಷ ಒಂದು ದಿನ ಅವರು ಪಿಂಪಳಗಾಂವ್ ಮಾರ್ಕೆಟ್ಟಿನ ಉಳ್ಳಾಗಡ್ಡಿ ಚೀಲ ಹೊತ್ತುಕೊಂಡು ನಮ್ಮ ಕ್ವಾರ್ಟರ್ಸ್ ಬಾಗಿಲಿಗೆ ಬಂದರು. ಸರ್ಟಿಫಿಕೇಟಿನ ಮೂಲಪ್ರತಿ ಮಂಡಳಿಯ ಕಚೇರಿಯಲ್ಲೇ ಎಲ್ಲೋ ಕಳೆದುಹೋಗಿತ್ತು. ಹಳಬರಿಗೆ ಅನುಭವದ ಆಧಾರದ ಮೇಲೆ ಒಂದು ಅವಕಾಶ ಇದೆಯೆಂದು ಅವರು ಮತ್ತೆ ಅರ್ಜಿ ಹಾಕಿದ್ದರು. ಅದರ ವಿಚಾರಣೆ ಸಂಭಾಜಿನಗರದಲ್ಲಿ. ಹಳೆಯ ಪಾಪ ಕಳೆದುಕೊಳ್ಳೋಣವೆಂದು ನಾನೂ ರಜೆ ಹಾಕಿ ಜೊತೆಗೆ ಹೋದೆ.

ವಿಚಾರಣೆ ಮಾಡಿದ ಅಧಿಕಾರಿ ಕೆಟ್ಟವರಲ್ಲ. ನನ್ನಂಥವರೇ, ಅದೇ ತೊಂದರೆ. ಮರಾಠಿಯಲ್ಲಿ ಕೇಳಿದರು: ರೋಗಿಗಳಿಗೆ ನೀವೇ ಚಿಕಿತ್ಸೆ ಕೊಟ್ಟಿದ್ದೀರಿ ಎನ್ನುವುದಕ್ಕೆ ದಾಖಲೆ ಏನಿದೆ? ಹಳೆಯ ಫಾರಂಗಳನ್ನು ಆಸ್ಪತ್ರೆಯವರು ರದ್ದಿಗೆ ಹಾಕಿದ್ದರು.

"ಜನರ ಕೈ ಮೇಲೆ ಬರೆದಿದ್ದೇನೆ ಸಾಹೇಬ" ಎಂದರು ಇವರು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅದು ಈಗ ಎಲ್ಲಿದೆ?"

"ಬದುಕಿದವರು ತೊಳೆದುಕೊಂಡರು. ಬದುಕದಿದ್ದವರನ್ನು ಮನೆಯವರು ತೊಳೆದರು."

ಅಧಿಕಾರಿಗೆ ಪಾಪ ಅನ್ನಿಸಿತು, ನನಗೆ ಕಣ್ಣು ತುಂಬಿತು. ಆದರೆ ಮರುಕಕ್ಕೆ ಕಡತದಲ್ಲಿ ಕಾಲಂ ಇಲ್ಲ. ನಿರ್ಣಯ ಕಾಯ್ದಿರಿಸಲಾಗಿದೆ ಎಂದರು. ಅಲ್ಲಿಯವರೆಗೆ 'ಯಾವ ಕಾರಣಕ್ಕೂ ರೋಗಿಯನ್ನು ಮುಟ್ಟುವುದಿಲ್ಲ, ಮುಟ್ಟಿದ್ದು ಕಂಡುಬಂದರೆ ಅರ್ಜಿ ವಜಾ, ನೌಕರಿಯ ಮೇಲೂ ಕ್ರಮ' ಎಂದು ಮುಚ್ಚಳಿಕೆ ಬರೆದುಕೊಡಬೇಕು, ಅರ್ಜಿದಾರರ ಸಹಿಯನ್ನು ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು.

ಇವರು ನನ್ನ ಕಡೆ ನೋಡಿದರು. ಈ ಸಲ ನಿಯಮದ ಅಡ್ಡಿ ಏನೂ ಇರಲಿಲ್ಲ, ಅವರು ಸಹಿ ಮಾಡಿದ್ದು ನನ್ನ ಕಣ್ಣೆದುರಿಗೇ. ನಾನು ಉತ್ಸಾಹದಿಂದ ಹಸಿರು ಪೆನ್ನು ತೆಗೆದು 'ನನ್ನ ಸಮಕ್ಷಮ ಸಹಿ ಮಾಡಿದ್ದಾರೆ' ಎಂದು ಬರೆದು ಸೀಲು ಹೊಡೆದೆ. ಕಲಿತ ಕೆಲಸ ಮಾಡಲು ಅವರಿಗೆ ಬೇಕಾಗಿದ್ದ ಸಹಿಯನ್ನು ಕೊಡದವನು, ಆ ಕೆಲಸ ಮಾಡುವುದಿಲ್ಲ ಎನ್ನುವುದಕ್ಕೆ ತಕ್ಷಣ ಕೊಟ್ಟೆ. ಅದರ ಒಂದು ಪ್ರತಿ ಆಸ್ಪತ್ರೆಗೂ ಹೋಯಿತು. ಮನೆಗೆ ಬಂದು ಉಳ್ಳಾಗಡ್ಡಿ ಭಜಿ ತಿಂದೆವು.

ಮುಂದಿನ ವರ್ಷ ಬೇಸಿಗೆಯಲ್ಲಿ ಇಲಾಖೆಯ ಕೆಲಸದ ಮೇಲೆ ನಾಶಿಕದ ಬಳಿಯ ಪಿಂಪಳಗಾಂವ್ ಬಸವಂತಕ್ಕೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಹೆದ್ದಾರಿಯ ಉದ್ದಕ್ಕೂ ಉಳ್ಳಾಗಡ್ಡಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಕಾರಿನಲ್ಲಿ ಕುಳಿತಿದ್ದವನಿಗೆ ಎದೆಯ ಮೇಲೆ ಯಾರೋ ಚೀಲ ಇಳಿಸಿದಂತಾಯಿತು. ಬೆವರು ಹರಿಯಿತು, ಎಡಗೈ ನನ್ನದಲ್ಲ ಎನಿಸಿತು. ಡ್ರೈವರು ಫೋನ್ ಮಾಡಿದ. ನಾಶಿಕದ ಅದೇ ಆಸ್ಪತ್ರೆಯವರು ಹೆದ್ದಾರಿಯ ಅಪಘಾತಗಳಿಗೆಂದು ಮಾರ್ಕೆಟ್ಟಿನ ತಿರುವಿನಲ್ಲಿ ಒಂದು ಆಂಬ್ಯುಲೆನ್ಸ್ ನಿಲ್ಲಿಸಿರುತ್ತಿದ್ದರು, ಹತ್ತು ನಿಮಿಷದೊಳಗೆ ಬಂತು. ಒಳಗೆ ಮಲಗಿಸಿದಾಗ ವೈಶಾಲಿಯ ಮುಖ ಕಂಡಿತು. ಕಿಂಡಿಯಲ್ಲಿ ಇನ್ನೊಂದು ಮುಖ.

"ಸಾಹೇಬ್ರ, ನಾ ಅದೀನ್ರಿ. ಉಸಿರು ಬಿಗಿ ಹಿಡೀಬ್ಯಾಡ್ರಿ, ಸಾವಕಾಶ ಬಿಡ್ರಿ" ಎಂದು ಕನ್ನಡದಲ್ಲಿ ಕೇಳಿಸಿತು. ಆಮೇಲೆ ನನಗೇನೂ ಗೊತ್ತಿಲ್ಲ.

ಮುಂದಿನದನ್ನು ವೈಶಾಲಿ ಹೇಳಿದಳು. ಆಂಬ್ಯುಲೆನ್ಸ್ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ನನ್ನ ಎದೆಬಡಿತ ನಿಂತಿತು. ಎದೆ ಒತ್ತುತ್ತಲೇ ಇರಬೇಕು, ಜೊತೆಗೆ ಗಾಳಿ ಕೊಡಬೇಕು, ಶಾಕ್ ಯಂತ್ರ ಜೋಡಿಸಬೇಕು. ಒಬ್ಬಳಿಗೆ ಇರುವುದು ಎರಡು ಕೈ. ಅವಳು "ಮಾಮಾ, ಮಾಗೇ ಯಾ!" ಎಂದು ಕೂಗಿದಳಂತೆ, ಹಿಂದೆ ಬನ್ನಿ ಎಂದು. ಕೂಗುವ ಮುಂಚೆಯೇ ಗಾಡಿ ನಿಂತಿತ್ತು, ಹಿಂಬಾಗಿಲು ತೆರೆದಿತ್ತು. ನನ್ನ ಹಸಿರು ಸೀಲಿನ ಮುಚ್ಚಳಿಕೆಯನ್ನು ಅವರು ನನ್ನ ಎದೆಯ ಮೇಲೆಯೇ ಎರಡೂ ಕೈ ಇಟ್ಟು ಮುರಿದರು. ನಾಡಿ ಮರಳಿದ ಮೇಲೆ ಜೇಬಿನಿಂದ ಬಾಲ್‌ಪೆನ್ ತೆಗೆದು, "ಬರೀಲಾಕತ್ತೀನ್ರಿ ಸಾಹೇಬ್ರ" ಎಂದು ಅಪ್ಪಣೆ ಕೇಳಿ, ನನ್ನ ಮುಂಗೈ ಮೇಲೆ ಬರೆದರು. ಅಭ್ಯಾಸಬಲ. ತಾವು ಏನು ಮಾಡುತ್ತಿದ್ದೇವೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಮರುದಿನ ಐಸಿಯುನಲ್ಲಿ ಎಚ್ಚರವಾದಾಗ ನಾನು ಮೊದಲು ನೋಡಿದ್ದು ಆ ಬರಹವನ್ನು. ಸಾಲು ಸಾಲಾಗಿ ವೇಳೆ, ಪ್ರತಿ ಸಾಲಿನ ಕೆಳಗೆ ಗೆರೆ. ನಿಂತದ್ದಕ್ಕೂ ಮರಳಿದ್ದಕ್ಕೂ ನಡುವೆ ಮೂರು ನಿಮಿಷ. ಅಷ್ಟು ಹೊತ್ತು ನಾನು ಸತ್ತಿದ್ದೆ. ಸರ್ಕಾರಿ ನೌಕರನಾದ್ದರಿಂದ ವ್ಯತ್ಯಾಸ ತಿಳಿಯಲಿಲ್ಲ.

ವೈಶಾಲಿ ಸಂಜೆಯ ಭೇಟಿಯ ಹೊತ್ತಿಗೆ ಅಳುತ್ತ ಬಂದಳು. ಎಮರ್ಜೆನ್ಸಿಯ ಡಾಕ್ಟರು ನನ್ನ ತೋಳು ನೋಡಿದೊಡನೆ, "ಅರೆ, ಮಾಮಾರ ಅಕ್ಷರ! ಎಷ್ಟು ದಿನವಾಯಿತು ನೋಡಿ!" ಎಂದು ಸಂತೋಷದಿಂದ ಹೇಳಿಬಿಟ್ಟಿದ್ದರು. ಸಂತೋಷ ಆಡಳಿತ ವಿಭಾಗದವರೆಗೂ ಹಬ್ಬಿತ್ತು. ನಾಳೆ ಬೆಳಿಗ್ಗೆ ಮೇಡಂ ಬಂದು ನನ್ನ ಮುಂಗೈಯ ಫೋಟೋ ತೆಗೆದು, ನನ್ನ ಹೇಳಿಕೆ ಬರೆದುಕೊಂಡು ಮಂಡಳಿಗೆ ಕಳಿಸುತ್ತಾರೆ. ಮಾಮಾರ ಅರ್ಜಿ ಹೋಗುತ್ತದೆ, ನೌಕರಿಯೂ ಹೋಗುತ್ತದೆ.

"ಅವ್ರು ಏನಂತಾರ?" ಎಂದು ಮರೆತು ಕನ್ನಡದಲ್ಲೇ ಕೇಳಿದೆ.

ಅವಳಿಗೆ ಕನ್ನಡ ಬಾರದು. ಸುದ್ದಿ ತಿಳಿದು ಬಂದು ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಮರಾಠಿಯಲ್ಲಿ ಕೇಳಿ, ಉತ್ತರ ತಿಳಿಸಿದಳು. "ಸಾಹೇಬ್ರು ಖರೇ ಇದ್ದದ್ದ ಬರೀತಾರ, ಅವ್ರು ಹಂಗ ಬರೀಬೇಕು ಅಂದಾರಂತ."

ನಾನು ತೋಳನ್ನು ನೋಡುತ್ತ ಮಲಗಿದೆ. ಅವರು ಆ ಕೆಲಸ ಬಲ್ಲರು ಎನ್ನುವುದಕ್ಕೆ ಭೂಮಿಯ ಮೇಲೆ ಉಳಿದ ಒಂದೇ ಒಂದು ಮೂಲಪ್ರತಿ ನನ್ನ ಚರ್ಮದ ಮೇಲಿತ್ತು. ಅದನ್ನು ತೋರಿಸಿದರೆ ಅವರು ಮುಳುಗುತ್ತಿದ್ದರು. ಮೂವತ್ತು ವರ್ಷ ನಾನು ಜನರಿಂದ ಕೇಳಿದ್ದು ಮೂಲಪ್ರತಿಯನ್ನೇ.

"ಸಾಬೂನು ಐತೇನ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಸ್ಟೀಲಿನ ಬಟ್ಟಲಿನಲ್ಲಿ ನೀರು ತಂದು, ಸಲೈನ್ ಸೂಜಿ ನೆನೆಯದ ಹಾಗೆ ಟವೆಲ್ ಸುತ್ತಿ, ಉಜ್ಜತೊಡಗಿದಳು. ಬಾಲ್‌ಪೆನ್ನಿನ ಶಾಯಿ ಸುಲಭಕ್ಕೆ ಹೋಗುವುದಿಲ್ಲ. ನೋವು ಶುರುವಾದ ವೇಳೆ ಹೋಯಿತು, ಶಾಕ್ ಹೋಯಿತು, ಕೊನೆಗೆ ನನ್ನ ನಾಡಿ ಮರಳಿದ ವೇಳೆಯೂ ಹೋಯಿತು. "ನೋವಾಗ್ತದೇನ್ರಿ?" ಎಂದಳು. ಆಗುತ್ತಿತ್ತು, ಇಲ್ಲ ಎಂದೆ.

ಬೆಳಿಗ್ಗೆ ಮೇಡಂ ಬಂದು ನನ್ನ ಕೆಂಪಗಾದ ಮುಂಗೈಯನ್ನು ಬಹಳ ಹೊತ್ತು ನೋಡಿದರು. ಚಿಕಿತ್ಸೆ ಕೊಟ್ಟವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ನೋಂದಣಿ ಇದ್ದವರೇ ಕೊಟ್ಟರು, ಬೇರೆ ಯಾರೂ ನನ್ನನ್ನು ಮುಟ್ಟಲಿಲ್ಲ ಎಂದು ನಾನು ಬರೆದು, ಗೆಜೆಟೆಡ್ ಸಹಿ ಹಾಕಿದೆ. ಸುಳ್ಳಿಗೆ ಹಾಕಿದ ಮೊದಲ ಸಹಿ, ಎದೆಗೆ ಏನೂ ಆಗಲಿಲ್ಲ, ಮಾನಿಟರ್ ಕೂಡ ಸುಮ್ಮನಿತ್ತು. ಡಾಕ್ಟರಿಗೂ ಅಷ್ಟರಲ್ಲಿ ಬುದ್ಧಿ ಬಂದು, ದಿನಕ್ಕೆ ನಲವತ್ತು ತೋಳು ನೋಡುತ್ತೇನೆ, ನೆನಪಿಲ್ಲ ಎಂದರಂತೆ. ವಿಷಯ ಅಲ್ಲಿಗೆ ನಿಂತಿತು.

ಅವರು ಬಂದದ್ದು ಮೂರನೆಯ ದಿನ. ಕುಳಿತವರೇ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು, ಆಮೇಲೆ ತೋಳು ಮಗುಚಿದರು. ಅಲ್ಲಿ ಖಾಲಿ ಜಾಗ. ನಾನು ಹಳೆಯ ಸಹಿಯ ಮಾತು ಎತ್ತಿ, "ಅವತ್ತು ನಂದು ತಪ್ಪಾತ್ರಿ" ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಒಮ್ಮೆ ಸತ್ತು ಬರಬೇಕಾಯಿತು.

"ಅದೇನ್ ಬಿಡ್ರಿ. ಬದಕಿದವ್ರು ತೊಳಕೋತಾರ" ಎಂದು ಅವರು ನನ್ನ ಕೈಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟರು.

ಮಂಡಳಿಯ ನಿರ್ಣಯ ಕೊನೆಗೂ ಬಂತು, ಅವರ ನಿವೃತ್ತಿಗೆ ಒಂದು ವಾರ ಮೊದಲು. ಅರ್ಜಿದಾರರು ಸದ್ಯವೇ ನಿವೃತ್ತರಾಗುತ್ತಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಮೂಲಪ್ರತಿ ಸಿಕ್ಕಿದೆ, ಬಂದು ಒಯ್ಯಬಹುದು ಎಂದು ಕೆಳಗೊಂದು ಟಿಪ್ಪಣಿ. ಅವರು ಹೋಗಿ ತಂದರಂತೆ. ಬೀಳ್ಕೊಡುಗೆಯ ದಿನ ಅದನ್ನು ನನಗೆ ತೋರಿಸಿ, "ನೋಡ್ರಿ ಸಾಹೇಬ್ರ, ಮೂಲ" ಎಂದರು. ಚುಚ್ಚಿ ಹೇಳುವುದು ಅವರಿಗೆ ಬಾರದು, ನಿಜವಾಗಿಯೂ ತೋರಿಸುವುದಕ್ಕೇ ತಂದಿದ್ದರು. ನಾನು ಅಷ್ಟರಲ್ಲಿ ನಿವೃತ್ತನಾಗಿದ್ದೆ. ನನ್ನ ಸಹಿಗೆ ಈಗ ಯಾವ ಬೆಲೆಯೂ ಇಲ್ಲ.

ಊಟದ ಸಾಲಿನಲ್ಲಿ ನಿಂತಾಗ ಕೇಳಿದೆ. "ಅವತ್ತು ನನ್ನ ಕೈ ಮ್ಯಾಲ ಏನ್ ಬರದಿದ್ರಿ, ನೆನಪ ಐತೇನ್ರಿ?"

ಅವರು ತಟ್ಟೆ ಹಿಡಿದುಕೊಂಡೇ ಮಗ್ಗಿ ಒಪ್ಪಿಸಿದ ಹಾಗೆ ಹೇಳಿದರು. ಹನ್ನೆರಡೂ ನಲವತ್ತಕ್ಕೆ ನೋವು. ಹನ್ನೆರಡೂ ಐವತ್ತೆಂಟಕ್ಕೆ ನಿಂತಿತು. ಒಂದು ಶಾಕ್. ಒಂದು ಗಂಟೆ ಒಂದು ನಿಮಿಷಕ್ಕೆ ಮರಳಿತು. ಆಮೇಲೆ ಮುಂದಿನವರಿಗೆ ದಾರಿ ಬಿಟ್ಟು ಭಾತಿಗೆ ಕೈ ಚಾಚಿದರು.

ಮನೆಗೆ ಬಂದು ಹಳೆಯ ರಿಜಿಸ್ಟರ್ ಹುಡುಕಿ ತೆಗೆದೆ. 'ಮೂಲ ಇಲ್ಲ, ಸಹಿ ನಿರಾಕರಿಸಿದೆ' ಎಂಬ ಸಾಲು ಚೆಂದದ ಅಕ್ಷರದಲ್ಲಿ ಹಾಗೆಯೇ ಇತ್ತು. ಕೊನೆಯ ಪುಟಕ್ಕೆ ಹೋಗಿ ಹೊಸ ಕ್ರಮಸಂಖ್ಯೆ ಹಾಕಿದೆ. ದಾಖಲೆ ಎಂಬಲ್ಲಿ ಅವರು ಹೇಳಿದ ನಾಲ್ಕು ಸಾಲು ಬರೆದು, ಪ್ರತಿ ಸಾಲಿನ ಕೆಳಗೆ ಗೆರೆ ಎಳೆದೆ. ಮೂಲ ನೋಡಲಾಗಿದೆಯೇ ಎಂಬಲ್ಲಿ 'ನೋಡಿದ್ದೇನೆ' ಎಂದು ಬರೆದೆ. ಷರಾ ಎಂಬಲ್ಲಿ 'ಮೂಲವನ್ನು ನಾನೇ ತೊಳೆದಿದ್ದೇನೆ' ಎಂದು ಬರೆದು ಹಸಿರು ಶಾಯಿಯಲ್ಲಿ ಸಹಿ ಹಾಕಿದೆ. ಹೆಸರಿನ ಕಾಲಂ ಖಾಲಿ ಬಿಟ್ಟೆ.